ಗೋಧಿ ಬಂದ ದಾರಿ

ದೆಹಲಿಯ ಪಶ್ಚಿಮಕ್ಕೆ, ನಜಫ್‌ಗಢ ರಸ್ತೆಗೂ ಪಂಖಾ ರಸ್ತೆಗೂ ನಡುವೆ ಹಬ್ಬಿಕೊಂಡಿರುವ ಜನಕಪುರಿಯನ್ನು ಇಂದು ಕಾಣುವವರಿಗೆ, ಅಲ್ಲಿನ ಅಕ್ಷರಾಂಕಿತ ಬ್ಲಾಕುಗಳನ್ನೂ, ಎರಡು ಮೆಟ್ರೋ ಮಾರ್ಗಗಳು ಸಂಧಿಸುವ ನಿಲ್ದಾಣವನ್ನೂ, ಹಗಲಿರುಳೆನ್ನದ ವಾಹನಪ್ರವಾಹವನ್ನೂ ನೋಡಿದ ಮೇಲೆ, ಈ ನೆಲವು ಅರುವತ್ತು ವರ್ಷಗಳ ಹಿಂದೆ ಉಳುವ ಹೊಲವಾಗಿತ್ತೆಂದರೆ ನಂಬಿಕೆ ಹುಟ್ಟುವುದು ಕಷ್ಟ. 1957ರಲ್ಲಿ ಸ್ಥಾಪಿತವಾದ ದೆಹಲಿ ಅಭಿವೃದ್ಧಿ ಪ್ರಾಧಿಕಾರವು 1970ರ ದಶಕದಲ್ಲಿ ಇಲ್ಲಿ ಬಡಾವಣೆಯನ್ನು ಬೆಳೆಸಿದಾಗ, ಪೋಸಂಗೀಪುರ, ಅಸಾಲತ್‌ಪುರ ಮೊದಲಾದ ಗ್ರಾಮಗಳ ಸುತ್ತಣ ಹೊಲಗಳೆಲ್ಲ ಮನೆಗಳಾದುವು. ಗ್ರಾಮಗಳು ಮಾತ್ರ ಬ್ಲಾಕುಗಳ ನಡುವೆ ಇಕ್ಕಟ್ಟಾದ ಗಲ್ಲಿಗಳಾಗಿ ಉಳಿದುಕೊಂಡಿವೆ. ನೇಗಿಲು ಹಿಡಿದ ರಾಜರ್ಷಿಯ ಹೆಸರನ್ನು ನೇಗಿಲು ನಿಂತುಹೋದ ನೆಲಕ್ಕೆ ಇಟ್ಟುದರಲ್ಲಿ ಒಂದು ವಿನೋದವಿದೆ. ಚಳಿಗಾಲದಲ್ಲಿ ಗೋಧಿ ಮತ್ತು ಸಾಸುವೆ, ಮಳೆಗಾಲದಲ್ಲಿ ಸಜ್ಜೆ, ಇವು ಈ ಸೀಮೆಯ ಬೆಳೆಗಳು. ಪಕ್ಕದ ತಿಲಕ್ ನಗರದಲ್ಲಿ ದೇಶವಿಭಜನೆಯ ತರುವಾಯ ಪಶ್ಚಿಮ ಪಂಜಾಬಿನಿಂದ ಬಂದು ನೆಲೆಸಿದವರು ರೊಟ್ಟಿಯನ್ನೇ ಊಟವೆಂದು ಬಗೆದ ಜನ. ಅವರಿಗೆ ಅನ್ನವು ಕಾಯಿಲೆಯವರ ಪಥ್ಯ, ಇಲ್ಲವೆ ರಾಜ್ಮಾದ ಜೊತೆಗಾರ.

ಇಂಥ ಗೋಧಿಯ ನಾಡಿಗೆ ಕನ್ನಡಿಗರು ಬಂದದ್ದು ಕೇಂದ್ರ ಸರ್ಕಾರದ ಕಛೇರಿಗಳ ದಾರಿಯಾಗಿ. ಮೊದಲು ಕರೋಲ್ ಬಾಗಿನ ಬಾಡಿಗೆ ಕೋಣೆಗಳು, ಆಮೇಲೆ ಸರ್ಕಾರಿ ಕ್ವಾರ್ಟರ್ಸುಗಳು, ಕಡೆಗೆ ಪ್ರಾಧಿಕಾರದ ಚೀಟಿ ಎತ್ತಿದಾಗ ಅದೃಷ್ಟವಿದ್ದವರಿಗೆ ಜನಕಪುರಿಯಲ್ಲೊಂದು ಫ್ಲ್ಯಾಟು. ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘಕ್ಕೆ ಯಕ್ಷಗಾನವನ್ನೋ ನಾಟಕವನ್ನೋ ನೋಡಲು ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದ ಈ ಸಂಸಾರಗಳು, ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿ ಬರುವಾಗ ಹುರಿಹಿಟ್ಟು, ಹಪ್ಪಳ, ಕಾಫಿಪುಡಿಗಳನ್ನು ಟ್ರಂಕಿನಲ್ಲಿ ತುಂಬಿ ತರುತ್ತಿದ್ದುವು. ಆ ದಾಸ್ತಾನು ಆಷಾಢ ಕಳೆಯುವುದರೊಳಗೆ ಮುಗಿಯುತ್ತಿತ್ತು. ಉಳಿದ ತಿಂಗಳುಗಳಲ್ಲಿ ಕಛೇರಿಯ ಡಬ್ಬಿಗೆ ಚಪಾತಿಯೇ ಗತಿ. ಮೊದಲು ಗತಿಯಾಗಿದ್ದುದು ಕ್ರಮೇಣ ಗೌರವವಾಯಿತು; ಊರಿನಿಂದ ಬಂದ ನೆಂಟರ ಮುಂದೆ ಉಬ್ಬಿದ ಫುಲ್ಕವನ್ನು ಬಡಿಸಬಲ್ಲ ಸೊಸೆ ಜಾಣೆಯೆನ್ನಿಸಿಕೊಂಡಳು.

ಸಿ ಬ್ಲಾಕಿನಲ್ಲಿ ನನಗೆ ಪರಿಚಿತವಾದ ಇಂಥದೊಂದು ಮನೆಯುಂಟು. ತುಮಕೂರು ಸೀಮೆಯಿಂದ ಬಂದವರು. ಈ ಶತಮಾನದ ಮೊದಲ ದಶಕದಲ್ಲಿ ಆ ಮನೆಯ ಮೊಮ್ಮಗಳು, ಆಗ ಏಳು ವರ್ಷದ ಹುಡುಗಿ, ಬೆಳೆಯುವುದನ್ನೇ ನಿಲ್ಲಿಸಿದಳು. ಹೊಟ್ಟೆ ಮುಂದಕ್ಕೆ, ಕೈಕಾಲು ಕಡ್ಡಿ, ಮುಖದಲ್ಲಿ ರಕ್ತವಿಲ್ಲ, ಆಗಾಗ ಭೇದಿ. ಜಂತುಹುಳುವಿಗೆ ಔಷಧಿಯಾಯಿತು, ಯಕೃತ್ತಿಗೆ ಟಾನಿಕ್ಕಾಯಿತು. ಅಜ್ಜಿ ಗ್ರಹಣಿಯೆಂದು ತೀರ್ಮಾನಿಸಿ, ಚರಕನ ಕಾಲದಿಂದಲೂ ಆ ರೋಗಕ್ಕೆ ಹೇಳಿದ ಮಜ್ಜಿಗೆಯನ್ನು ಇಂಗು ಬೆರೆಸಿ ಹೊತ್ತು ಹೊತ್ತಿಗೆ ಕೊಟ್ಟರು. ಅದರ ಮೇಲೆ ಮಗುವಿಗೆ ಬಲ ಬರಲೆಂದು ತುಪ್ಪ ಸವರಿದ ಮೆತ್ತನೆಯ ಫುಲ್ಕವನ್ನು ಹಾಲಿನಲ್ಲಿ ಕಿವುಚಿ ತಿನ್ನಿಸಿದರು. ಕಡೆಗೆ ರಕ್ತಪರೀಕ್ಷೆ ನಡೆದು, ಕರುಳಿನ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಬಳಿಕ ವೈದ್ಯರು ಹೇಳಿದ ಮಾತು ಇಷ್ಟೇ: ರೋಗದ ಹೆಸರು ಸೀಲಿಯಾಕ್, ಔಷಧಿಯಿಲ್ಲ, ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳನ್ನು ಜೀವಮಾನವಿಡೀ ಮುಟ್ಟಬಾರದು. ಸುದ್ದಿ ಕೇಳಿ ಬಂದ ಮೇಲಿನ ಮಹಡಿಯ ಪಂಜಾಬಿ ಗೃಹಿಣಿ, ರೊಟ್ಟಿಯಿಲ್ಲದೆ ಮಗು ಬದುಕುವುದೆಂತು ಎಂದು ಕಣ್ಣೀರಿಟ್ಟಳಂತೆ. ಅಜ್ಜಿ ಕನ್ನಡದಲ್ಲಿಯೇ ಸೊಸೆಗೆ ಹೇಳಿದರು: "ನಮ್ಮಪ್ಪನ ಮನೇಲಿ ಇರೋತನಕ ನಾನು ಚಪಾತಿ ಲಟ್ಟಿಸಿದ್ದೇ ಇಲ್ಲ ಕಣಮ್ಮ. ನಾನು ಬದುಕಿಲ್ಲವೆ? ಅವಳಿಗೆ ಹೇಳು."

ಆ ಮಾತಿನಲ್ಲಿ, ಆಡಿದವರಿಗೆ ತಿಳಿಯದೆಯೇ, ಒಂದು ಶತಮಾನದ ಇತಿಹಾಸ ಅಡಗಿತ್ತು.

ರೋಗವು ಪ್ರಾಚೀನವಾದುದು. ಕಪ್ಪಡೋಸಿಯದ ಅರೆಟಿಯಸ್ ಎಂಬ ಗ್ರೀಕ್ ವೈದ್ಯನು ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿಯೇ ಉಂಡುದು ಮೈಗೆ ಹತ್ತದೆ ಹೊರಹೋಗುವ ಉದರವ್ಯಾಧಿಯೊಂದನ್ನು ವರ್ಣಿಸಿದ್ದಾನೆ. 1887ರ ಅಕ್ಟೋಬರಿನಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಸ್ಯಾಮ್ಯುಅಲ್ ಗೀ ಮಾಡಿದ ಉಪನ್ಯಾಸವು ಮುಂದಿನ ವರ್ಷ ಅಚ್ಚಾಯಿತು. ಈ ರೋಗಕ್ಕೆ ಗುಣವೆಂಬುದು ಇದ್ದರೆ ಅದು ಆಹಾರದಿಂದಲೇ ಎಂಬ ಅವನ ಅಭಿಪ್ರಾಯವು ಯಥಾರ್ಥವಾಗಿತ್ತು. ಆದರೆ ಯಾವ ಆಹಾರವೆಂಬುದು ಅವನಿಗೆ ಹೊಳೆಯಲಿಲ್ಲ. ತೆಳುವಾಗಿ ಕೊಯ್ದು ಎರಡು ಮಗ್ಗುಲೂ ಸುಟ್ಟ ಬ್ರೆಡ್ಡನ್ನು ಅವನು ಪಥ್ಯದಲ್ಲಿಯೇ ಸೇರಿಸಿದ್ದನು. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಯಹಣ್ಣಿನ ಪಥ್ಯದಿಂದ ಮಕ್ಕಳನ್ನು ಬದುಕಿಸಿದನು. ಬ್ರೆಡ್ಡು ತಪ್ಪಿದುದರಿಂದ ಆದ ಗುಣದ ಕೀರ್ತಿಯೆಲ್ಲ ಬಾಳೆಯಹಣ್ಣಿಗೆ ಸಂದಿತು. ನಿಜವಾದ ಅಪರಾಧಿಯನ್ನು ಹಿಡಿದವನು ಹೇಗ್ ನಗರದ ಜೂಲಿಯಾನ ಮಕ್ಕಳ ಆಸ್ಪತ್ರೆಯ ವಿಲ್ಲೆಮ್ ಕಾರೆಲ್ ಡಿಕ್ಕೆ. ಅವನು ಎರಡನೆಯ ಮಹಾಯುದ್ಧಕ್ಕೆ ಮೊದಲೇ ಗೋಧಿಯ ಮೇಲೆ ಸಂಶಯಪಟ್ಟಿದ್ದನು, 1941ರಲ್ಲಿ ಬರೆದೂ ಇದ್ದನು. 1944–45ರ ಚಳಿಗಾಲದಲ್ಲಿ ಜರ್ಮನರ ದಿಗ್ಬಂಧನದಿಂದ ಹಾಲೆಂಡಿನಲ್ಲಿ ಕ್ಷಾಮವುಂಟಾಗಿ, ಜನ ಟ್ಯುಲಿಪ್ ಹೂವಿನ ಗಡ್ಡೆಯನ್ನು ಬೇಯಿಸಿ ತಿನ್ನುವ ದುರ್ಗತಿ ಒದಗಿದಾಗ, ನಾಡಿಗೆ ನಾಡೇ ಸೊರಗುತ್ತಿದ್ದರೂ ಈ ಮಕ್ಕಳು ಮಾತ್ರ ಚೇತರಿಸಿಕೊಂಡುವು. ಪರಿಹಾರದ ಬ್ರೆಡ್ಡು ಬಂದೊಡನೆ ಮತ್ತೆ ಮಲಗಿದುವು. ಅವನ ನಿಷ್ಕೃಷ್ಟವಾದ ಪ್ರಯೋಗಗಳು 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯದ ಪ್ರಬಂಧವಾಗಿ ಹೊರಬಂದುವು. ಗೋಧಿಯ ಹಿಟ್ಟಿಗೆ ಅಂಟನ್ನು ಕೊಡುವ ಗ್ಲುಟೆನ್ ಎಂಬ ಸಸಾರಜನಕವೇ ಕಾರಣವೆಂದೂ, ಹುಟ್ಟಿನಿಂದ ಆ ಪ್ರವೃತ್ತಿಯುಳ್ಳವರ ದೇಹವು ಗ್ಲುಟೆನ್ನಿನ ಮೇಲೆ ಹೂಡಿದ ಯುದ್ಧದಲ್ಲಿ ತನ್ನ ಕರುಳಿನ ಸೂಕ್ಷ್ಮವಾದ ಕುಚ್ಚುಗಳನ್ನೇ ಸವೆಸಿಕೊಳ್ಳುವುದೆಂದೂ ಮುಂದೆ ಸ್ಪಷ್ಟವಾಯಿತು.

ಈಗ ಅದೇ ಮಹಾಯುದ್ಧವು ನಮ್ಮ ಕಡೆ ಏನು ಮಾಡಿತೆಂಬುದನ್ನು ನೋಡಬೇಕು. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾದೊಡನೆ ಬರ್ಮಾದ ಅಕ್ಕಿ ನಿಂತಿತು. ದಕ್ಷಿಣದ ಪಟ್ಟಣಗಳಲ್ಲಿ ಅಕ್ಕಿಗೆ ರೇಷನ್ ಬಂದಿತು, ಅಕ್ಕಿಯ ಬದಲು ಗೋಧಿಯನ್ನು ಅಳೆದುಕೊಟ್ಟರು. ಅಕ್ಕಿಯ ಅಭಾವದಲ್ಲಿಯೇ ರವೆಯ ಇಡ್ಲಿಯನ್ನು ತಾವು ಕಂಡುಹಿಡಿದೆವೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸಿನವರು ಹೇಳಿಕೊಳ್ಳುವುದುಂಟು. ಆ ಮನೆಯ ಅಜ್ಜಿ ಆಗ ಚಿಕ್ಕ ಹುಡುಗಿ. ರೇಷನ್ನಿನ ಗೋಧಿಯನ್ನು ಏನು ಮಾಡಬೇಕೆಂದು ತಿಳಿಯದೆ ತಮ್ಮ ತಾಯಿ ಅದನ್ನು ಒರಳಿನಲ್ಲಿ ಕುಟ್ಟಿ, ನುಚ್ಚು ಮಾಡಿ, ಅನ್ನದಂತೆ ಬಸಿಯಹೋಗಿ ಬೈಸಿಕೊಂಡುದನ್ನು ಅವರು ನಗುತ್ತ ಹೇಳುತ್ತಿದ್ದರು. ಹೀಗೆ ಒಂದೇ ಮಹಾಯುದ್ಧವು ಹಾಲೆಂಡಿನ ಮಕ್ಕಳ ತಟ್ಟೆಯಿಂದ ಗೋಧಿಯನ್ನು ತೆಗೆದು ಒಂದು ರೋಗದ ಗುಟ್ಟನ್ನು ಬಯಲಿಗಿಟ್ಟಿತು. ಮೈಸೂರು ಸೀಮೆಯ ಎಲೆಗೆ ಅದೇ ಗೋಧಿಯನ್ನು ಬಡಿಸಿ, ಏಳದಂತೆ ಕೂರಿಸಿತು.

ಗೋಧಿ ನಮಗೆ ಅಪರಿಚಿತವಾಗಿತ್ತೆಂದು ಹೇಳಬಾರದು. ಧಾರವಾಡ, ವಿಜಯಪುರಗಳ ಎರೆಭೂಮಿಯಲ್ಲಿ ಅದು ಹಿಂದಿನಿಂದಲೂ ಬೆಳೆಯುತ್ತದೆ. ಗೋಧಿಹುಗ್ಗಿ, ಮಾದಲಿ, ಹೋಳಿಗೆ, ಚಿರೋಟಿ, ಸಜ್ಜಿಗೆ ಇಲ್ಲದೆ ಹಬ್ಬವೇ ಇಲ್ಲ. ಆದರೆ ಅದು ಹಬ್ಬದ ಅತಿಥಿ. ನಿತ್ಯದ ಊಟವು ಅಕ್ಕಿಯದು, ರಾಗಿಯದು, ಜೋಳದ್ದು. ಕನಕದಾಸರು ರಾಮಧಾನ್ಯಚರಿತೆಯಲ್ಲಿ ಶ್ರೀರಾಮನ ಮುಂದೆ ವ್ಯಾಜ್ಯಕ್ಕೆ ನಿಲ್ಲಿಸಿದ್ದು ಅಕ್ಕಿ ರಾಗಿಗಳನ್ನು. ಪ್ರತಿವಾದಿಯ ಸ್ಥಾನಕ್ಕೆ ಗೋಧಿ ಅರ್ಹವಾಗಿರಲಿಲ್ಲ. ಅತಿಥಿಯನ್ನು ಮನೆಯವನನ್ನಾಗಿ ಮಾಡಿದುದು ಯುದ್ಧಕಾಲದ ರೇಷನ್ನು, 1956ರ ಆಗಸ್ಟಿನಲ್ಲಿ ಆದ ಒಪ್ಪಂದದ ಮೇರೆಗೆ ಪಿ.ಎಲ್. 480ರ ಹೆಸರಿನಲ್ಲಿ ಹಡಗುಗಟ್ಟಲೆ ಬಂದ ಅಮೆರಿಕದ ಗೋಧಿ, ಆ ಬಳಿಕ ಪಂಜಾಬಿನ ಕುಳ್ಳ ತಳಿಗಳ ಸಮೃದ್ಧಿ. ಈ ಕುಳ್ಳ ಗೋಧಿಯಿಂದಲೇ ರೋಗವೆಲ್ಲ ಬಂದಿತೆಂದೂ ಹಳೆಯ ಕಪ್ಲಿ ಗೋಧಿಯಾದರೆ ನಿರಪಾಯವೆಂದೂ ಈಚೆಗೆ ಕೆಲವರು ಹೇಳುತ್ತಾರೆ, ಮಾರುತ್ತಲೂ ಇದ್ದಾರೆ. ಕಪ್ಲಿಯೂ ಗೋಧಿಯೇ, ಅದರಲ್ಲಿಯೂ ಗ್ಲುಟೆನ್ ಉಂಟು, ಈ ರೋಗಿಗಳಿಗೆ ಅದು ವಿಷವೇ. ಪ್ರಾಚೀನವಾದುದೆಲ್ಲ ಪಥ್ಯವೆಂಬ ಭ್ರಾಂತಿಗೆ ಕರುಳು ಮನ್ನಣೆ ಕೊಡುವುದಿಲ್ಲ.

ಈ ಪ್ರಸಂಗದಲ್ಲಿ ನನಗೆ ಬಹಳ ಸೋಜಿಗವೆನ್ನಿಸಿದ ಸಂಗತಿ ಉಪವಾಸದ್ದು. ನಮ್ಮ ಮನೆಗಳಲ್ಲಿ ಶನಿವಾರದ ರಾತ್ರಿಯೋ ಸೋಮವಾರದ ರಾತ್ರಿಯೋ ಒಪ್ಪೊತ್ತು ಮಾಡುವವರು ಅನ್ನವನ್ನು ಬಿಟ್ಟು ಫಲಾಹಾರ ಮಾಡುವರಷ್ಟೆ. ಆ ಫಲಾಹಾರವೆಂದರೆ ರವೆಯ ಉಪ್ಪಿಟ್ಟು, ಇಲ್ಲವೆ ಚಪಾತಿ. ಬೆಂದ ಅಕ್ಕಿ ಮುಸುರೆ, ಗೋಧಿ ಮುಸುರೆಯಲ್ಲ. 1965ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳು ದೇಶದ ಧಾನ್ಯಾಭಾವಕ್ಕಾಗಿ ಸೋಮವಾರದ ಸಂಜೆ ಒಂದು ಊಟ ಬಿಡಿರೆಂದು ಕೇಳಿಕೊಂಡಾಗ, ದೆಹಲಿಯ ಅನೇಕ ಕನ್ನಡ ಮನೆಗಳು ಊಟವನ್ನು ನಿಷ್ಠೆಯಿಂದ ಬಿಟ್ಟು ಉಪ್ಪಿಟ್ಟನ್ನು ತಿಂದಿರಬೇಕು. ಉತ್ತರದವರ ವ್ರತವು ಇದಕ್ಕೆ ತಲೆಕೆಳಗು. ನವರಾತ್ರಿಯಲ್ಲಿ ಅವರಿಗೆ ಗೋಧಿಯೇ ಅನ್ನ, ಅದೇ ನಿಷಿದ್ಧ. ಕುಟ್ಟು, ಸಿಂಘಾಡ, ರಾಜಗಿರಗಳ ಹಿಟ್ಟೂ ಸಾಮಕ್ಕಿಯೂ ವ್ರತಕ್ಕೆ ಯೋಗ್ಯ. ಆ ಒಂಬತ್ತು ದಿನ ಜನಕಪುರಿಯ ದಿನಸಿ ಅಂಗಡಿಗಳ ಮುಂದೆ ಈ ಹಿಟ್ಟುಗಳ ಪೊಟ್ಟಣಗಳು ಗುಡ್ಡೆ ಬೀಳುತ್ತವೆ. ಒಂದರಲ್ಲಿಯೂ ಗ್ಲುಟೆನ್ ಇಲ್ಲ. ಆ ಹುಡುಗಿಗೆ ನೆರೆಮನೆಯಲ್ಲಿ ನಿರ್ಭಯವಾಗಿ ಉಣ್ಣಲು ದೊರೆತದ್ದು ವರ್ಷಕ್ಕೆರಡು ಸಲ, ಚೈತ್ರದಲ್ಲಿ ಮತ್ತು ಆಶ್ವಯುಜದಲ್ಲಿ, ಊರಿಗೆ ಊರೇ ಉಪವಾಸವಿದ್ದಾಗ.

ರೋಗವು ಭಾರತದಲ್ಲಿ ಗುರುತಿಗೆ ಬಂದುದೂ ನಿಧಾನವಾಗಿಯೇ. ಬಹುಕಾಲ ಇದು ಬಿಳಿಯರ ಕಾಯಿಲೆಯೆಂಬ ನಂಬಿಕೆ ಇದ್ದಿತು. ದಕ್ಷಿಣದಲ್ಲಿ ಭೇದಿಯಿಂದ ಸೊರಗಿದವರನ್ನು ಕಂಡರೆ ವೈದ್ಯರಿಗೆ ಮೊದಲು ನೆನಪಾಗುತ್ತಿದ್ದುದು ಉಷ್ಣವಲಯದ ಸ್ಪ್ರೂ. 1960ರ ಆಸುಪಾಸಿನಲ್ಲಿ ಉತ್ತರ ಆರ್ಕಾಟಿನ ಹಳ್ಳಿಗಳಲ್ಲಿ ಅದು ಪಿಡುಗಾಗಿ ಹಬ್ಬಿದಾಗ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಬೇಕರ್ ಮತ್ತು ಮಥನ್ ಅದನ್ನು ಆಳವಾಗಿ ಅಭ್ಯಸಿಸಿದ್ದರು. ಉತ್ತರ ಭಾರತದ ಮಕ್ಕಳಲ್ಲಿ ಸೀಲಿಯಾಕ್ ಇದೆಯೆಂದು ದೆಹಲಿಯ ವಾಲಿಯಾ, ಟಂಡನ್, ಘಾಯ್ ಮೊದಲಾದ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬರೆದುದು 1966ರಲ್ಲಿ. ಆಗ ರೋಗನಿರ್ಣಯಕ್ಕೆ ಕರುಳಿನ ಚೂರನ್ನು ತೆಗೆಯುವುದೊಂದೇ ದಾರಿ. ಮುಂದೆ ರಕ್ತದಲ್ಲಿಯೇ ಸುಳಿವನ್ನು ಹಿಡಿಯುವ ಮಾರ್ಗ ತೋರಿದ ಮೇಲೆ ರೋಗಿಗಳ ಸಂಖ್ಯೆ ಒಮ್ಮೆಗೇ ಏರಿದಂತೆ ಕಂಡಿತು. ರೋಗವು ಹೆಚ್ಚಿತೆನ್ನುವುದಕ್ಕಿಂತ ದೃಷ್ಟಿ ಹೆಚ್ಚಿತೆನ್ನುವುದು ಸತ್ಯಕ್ಕೆ ಸಮೀಪ. ರಾಜಧಾನಿಯ ಸುತ್ತಿನ ಜನರಲ್ಲಿ ನಡೆಸಿ 2011ರಲ್ಲಿ ಪ್ರಕಟವಾದ ಸಮೀಕ್ಷೆಯು ಸುಮಾರು ನೂರರಲ್ಲೊಬ್ಬರಿಗೆ ಇದು ಉಂಟೆಂದಿತು.

2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಉತ್ತರ, ಈಶಾನ್ಯ, ದಕ್ಷಿಣ ಈ ಮೂರು ಸೀಮೆಗಳ 23,331 ಮಂದಿ ವಯಸ್ಕರನ್ನು ಪರೀಕ್ಷಿಸಿದಾಗ ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಎಂಬ ಪ್ರಮಾಣ ಕಂಡಿತು. ರೋಗಕ್ಕೆ ಎಡೆಗೊಡುವ ಆನುವಂಶಿಕ ಗುಣವಾದರೋ ಮೂರು ಕಡೆಯೂ ಮೂವರಲ್ಲೊಬ್ಬರಿಗೆ, ಹೆಚ್ಚು ಕಡಿಮೆ ಸಮವಾಗಿಯೇ ಇದ್ದಿತು. ಸಮವಲ್ಲದ್ದು ಗೋಧಿ: ಉತ್ತರದವನು ದಿನಕ್ಕೆ 455 ಗ್ರಾಂ ತಿಂದರೆ ದಕ್ಷಿಣದವನು 25 ಗ್ರಾಂ. ಈಶಾನ್ಯದವರು 37 ಗ್ರಾಂ ಮಾತ್ರ ತಿಂದೂ ರೋಗದಲ್ಲಿ ಉತ್ತರಕ್ಕೆ ಹತ್ತಿರವಾಗಿರುವುದರಿಂದ ಎಲ್ಲವನ್ನೂ ತಟ್ಟೆಯ ಮೇಲೆಯೇ ಹೊರಿಸುವಂತಿಲ್ಲ. ಆದರೂ, ದಕ್ಷಿಣದ ದೇಹವನ್ನು ಹೊತ್ತುಕೊಂಡು ಬಂದು ಉತ್ತರದ ತಟ್ಟೆಗೆ ಕುಳಿತ ನಮ್ಮ ದೆಹಲಿಯ ಕುಟುಂಬಗಳು, ತಾವರಿಯದೆ ಈ ಪ್ರಯೋಗಕ್ಕೆ ಒಳಗಾದುವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ವಂಶದಲ್ಲಿ ಒಬ್ಬರಿಗೆ ಇದ್ದರೆ ಹತ್ತಿರದ ರಕ್ತಸಂಬಂಧಿಗಳನ್ನೂ ಪರೀಕ್ಷಿಸಬೇಕೆಂಬ ನಿಯಮದಂತೆ ಹುಡುಗಿಯ ತಾಯಿಯ ರಕ್ತವನ್ನು ನೋಡಿದಾಗ ಆಕೆಗೂ ಅದೇ ರೋಗವಿರುವುದು ತಿಳಿದುಬಂದಿತು. ದೆಹಲಿಯಲ್ಲಿಯೇ ಹುಟ್ಟಿ ಬೆಳೆದ ಆಕೆಗೆ ಹೊಟ್ಟೆಯ ತೊಂದರೆ ಎಂದೂ ಇರಲಿಲ್ಲ. ಮದುವೆಗೆ ಮುಂಚಿನಿಂದ ಬಿಡದ ರಕ್ತಹೀನತೆಯೊಂದೇ ಲಕ್ಷಣ, ಅದಕ್ಕೆ ನುಂಗಿದ ಕಬ್ಬಿಣದ ಮಾತ್ರೆಗಳಿಗೆ ಲೆಕ್ಕವಿಲ್ಲ.

ಮನೆಯಲ್ಲಿ ಇಬ್ಬರಿಗೆ ಬೇರೆ, ಮೂವರಿಗೆ ಬೇರೆ ಎಂದು ಒಲೆ ಹೂಡುವುದು ಅಜ್ಜಿಗೆ ಸರಿಬೀಳಲಿಲ್ಲ. ಗೋಧಿಯ ಡಬ್ಬವು ಮನೆಯಿಂದಲೇ ಹೊರಗೆ ಹೋಯಿತು. ಯೂರೋಪಿನಲ್ಲಿ ಗ್ಲುಟೆನ್ ಇಲ್ಲದ ಹಿಟ್ಟನ್ನು ಒಂದುಗೂಡಿಸಲು ಗೋಂದು, ಮೊಟ್ಟೆ, ಪಿಷ್ಟಗಳ ಮೊರೆಹೋದರೆಂಬುದನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದೇನೆಂದರೆ, ಕನ್ನಡ ನಾಡಿನ ಹೆಂಗಸರು ಅಂಟಿಲ್ಲದ ಹಿಟ್ಟನ್ನು ಪಳಗಿಸುವ ವಿದ್ಯೆಯಲ್ಲಿ ಶತಮಾನಗಳ ಹಿಂದೆಯೇ ಪಾರಂಗತರಾಗಿದ್ದರೆಂದು. ಗೋಧಿಹಿಟ್ಟು ತಣ್ಣೀರಿಗೇ ಬಾಗುತ್ತದೆ, ಎಳೆದರೆ ಬರುತ್ತದೆ, ಲಟ್ಟಿಸಿದರೆ ಹರಡುತ್ತದೆ. ಜೋಳಕ್ಕೂ ಅಕ್ಕಿಗೂ ಆ ಸೌಜನ್ಯವಿಲ್ಲ. ಆದುದರಿಂದಲೇ ಕುದಿಯುವ ಎಸರು, ಆದುದರಿಂದಲೇ ಉಕ್ಕರಿಸುವುದು, ಲಟ್ಟಣಿಗೆಯ ಬದಲು ಅಂಗೈಯಿಂದ ಬಡಿಯುವುದು, ಎಣ್ಣೆ ಸವರಿದ ಬಾಳೆಲೆಯ ಮೇಲೆ ತಟ್ಟುವುದು, ಮುದ್ದೆಗೆ ಕೋಲು, ಶಾವಿಗೆಗೆ ಒತ್ತುವ ಒರಳು. ಗೋಧಿಯ ಅಂಟು ಮಾಡುವ ಕೆಲಸವನ್ನು ದೋಸೆಯಲ್ಲಿ ಉದ್ದಿನ ಲೋಳೆಯಿಂದ ಮಾಡಿಸಿದುದು ಸಾಮಾನ್ಯ ಬುದ್ಧಿಯಲ್ಲ. ಫುಲ್ಕದಲ್ಲಿ ನಿಸ್ಸೀಮಳಾದ ಸೊಸೆ ಮೊದಲ ದಿನ ಅಕ್ಕಿಹಿಟ್ಟಿನೊಡನೆ ಸೆಣಸಿದಳು. "ಅತ್ತೆ, ಅಂಚೆಲ್ಲ ಬಿರಿಯುತ್ತಲ್ಲ?" "ತಣ್ಣೀರು ಹಾಕಿದರೆ ಬಿರಿಯದೆ ಏನು ಮಾಡೀತಮ್ಮ? ನೀರು ಕೊತಕೊತ ಕುದೀಬೇಕು, ಹಿಟ್ಟು ಅದರೊಳಗೆ ಬೇಯಬೇಕು, ಕೈಗೆ ಸುಡುತ್ತಿರೋವಾಗಲೇ ನಾದಬೇಕು. ಸರಿ, ನಾನು ತೋರಿಸ್ತೀನಿ ಬಾ." ಎಪ್ಪತ್ತು ದಾಟಿದ ಆ ಬೆರಳುಗಳು ಬಾಣಲೆಯ ಒಳಮೈಗೆ ಹಿಟ್ಟನ್ನು ಹಚ್ಚಿ, ನಡುವೆ ಕಿರುಬೆರಳಿನಿಂದ ತೂತು ಮಾಡಿ ಎಣ್ಣೆ ಬಿಟ್ಟುದನ್ನು ನಾನೇ ನೋಡಿದ್ದೇನೆ.

ಹೋಳಿಗೆಯೊಂದು ಮಾತ್ರ ಅವರನ್ನು ಸೋಲಿಸಿತು. ಎಣ್ಣೆಯಲ್ಲಿ ನೆನೆದು ಎಳೆದಷ್ಟೂ ಬರುವ ಕಣಕದ ಗುಣವೆಂದರೆ ಗ್ಲುಟೆನ್ನಿನ ಗುಣವೇ. ಅಕ್ಕಿಹಿಟ್ಟಿನ ಹೊದಿಕೆ ದಪ್ಪನಾಗಿಯೇ ಉಳಿಯಿತು. ಯುಗಾದಿಗೆ ಕಡುಬು ಮಾಡಿ ಅದನ್ನೇ ಹೋಳಿಗೆಯೆಂದು ಕರೆದರು.

ಕಣ್ಣಿಗೆ ಕಾಣುವ ಗೋಧಿಯನ್ನು ಅಟ್ಟಿದ ಮೇಲೂ ಹುಡುಗಿಯ ರಕ್ತದ ಸೂಚನೆ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಹುಡುಕಿದಾಗ ಎರಡು ಕಳ್ಳದಾರಿಗಳು ದೊರೆತುವು. ಒಂದು ಮಾರುಕಟ್ಟೆಯ ಚಕ್ಕಿ: ದಿನವೆಲ್ಲ ಗೋಧಿ ಬೀಸಿದ ಕಲ್ಲಿನಲ್ಲಿಯೇ ಇವರ ರಾಗಿಯನ್ನೂ ಹಾಕುತ್ತಿದ್ದರಾಗಿ, ಕಲ್ಲಿಗೆ ಮೆತ್ತಿದ ಹಿಟ್ಟೆಲ್ಲ ಇವರ ಚೀಲಕ್ಕೆ ಬರುತ್ತಿತ್ತು. ಗ್ಲುಟೆನ್‌ರಹಿತವೆನ್ನಿಸಿಕೊಳ್ಳಲು ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಬಾರದೆಂಬುದು 2008ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ನಿಯಮ, ನಮ್ಮ ಆಹಾರ ಪ್ರಾಧಿಕಾರದ ನಿಯಮವೂ ಅದೇ. ಚಕ್ಕಿಯ ಧೂಳಿಗೆ ಅದು ಯಾವ ಲೆಕ್ಕ? ಮನೆಗೇ ಒಂದು ಸಣ್ಣ ವಿದ್ಯುತ್ ಚಕ್ಕಿಯನ್ನು ತಂದರು. ಎರಡನೆಯದನ್ನು ಯಾರೂ ಊಹಿಸಿರಲಿಲ್ಲ. ಅಂಗಡಿಯಲ್ಲಿ ಸಿಕ್ಕುವ ಇಂಗು ಶುದ್ಧವಾದ ಇಂಗಲ್ಲ. ಗಿಡದ ಹಾಲು ಅತಿ ತೀಕ್ಷ್ಣವಾದುದರಿಂದ ಅದಕ್ಕೆ ಗೋಂದನ್ನೂ ಮೈದಾವನ್ನೂ ಬೆರೆಸಿ ಕಟ್ಟುತ್ತಾರೆ. ಸಾರಿಗೆ, ಹುಳಿಗೆ, ಉಪ್ಪಿನಕಾಯಿಗೆ, ಗ್ರಹಣಿಗೆಂದು ಕೊಟ್ಟ ಮಜ್ಜಿಗೆಗೆ ಚಿಟಿಕೆ ಚಿಟಿಕೆಯಾಗಿ ಗೋಧಿಯೇ ಬೀಳುತ್ತಿತ್ತು. ಪ್ರಮಾಣ ಅತ್ಯಲ್ಪವೇ ಇರಬಹುದು, ಆದರೆ ದಿನಕ್ಕೆರಡು ಹೊತ್ತು. ಅಕ್ಕಿಹಿಟ್ಟಿನಲ್ಲಿ ಕಟ್ಟಿದ ಇಂಗನ್ನು ಹುಡುಕಿಕೊಂಡು ಅವರು ನಗರವೆಲ್ಲ ಅಲೆದರು.

ಸತ್ಯನಾರಾಯಣಪೂಜೆಯ ದಿನ ಇನ್ನೊಂದು ಸಂಕಟ. ಸಪಾದಭಕ್ಷ್ಯವೆಂದರೆ ಒಂದೂಕಾಲು ಪಾಲಿನ ಲೆಕ್ಕದಲ್ಲಿ ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಯಹಣ್ಣು. ಪ್ರಸಾದವನ್ನು ಉಪೇಕ್ಷಿಸಿದ ಕಲಾವತಿಗೆ ಏನಾಯಿತೆಂಬುದು ಕಥೆ ಕೇಳಿದವರಿಗೆಲ್ಲ ಗೊತ್ತು. ಮೊಮ್ಮಗಳಿಗೆ ಪ್ರಸಾದ ಕೊಡುವುದೂ ಅಪಾಯ, ಕೊಡದಿರುವುದೂ ಅಪಾಯ. ಅಜ್ಜಿ ಪುರೋಹಿತರನ್ನೇ ಕೇಳಿದರು: "ಶಾಸ್ತ್ರಿಗಳೇ, ಅಕ್ಕಿತರಿಯಲ್ಲಿ ಮಾಡಿದರೆ ದೋಷವೆ?" ಅವರು ನಕ್ಕು, ಕಥೆಯ ಮೊದಲ ಅಧ್ಯಾಯದಲ್ಲಿಯೇ ವಿಧಿ ಇದೆಯೆಂದರು. ಗೋಧಿಯ ಹಿಟ್ಟು ದೊರೆಯದಿದ್ದರೆ ಅಕ್ಕಿಯ ಹಿಟ್ಟು, ಸಕ್ಕರೆ ದೊರೆಯದಿದ್ದರೆ ಬೆಲ್ಲ. "ದೊರೆಯದಿದ್ದರೆ ಅಂತ ಇದೆಯಲ್ಲಮ್ಮ, ಈ ಮನೇಲಿ ಗೋಧಿ ದೊರೆಯೋದೇ ಇಲ್ಲವಲ್ಲ!" ಗೋಧಿಯ ನಾಡಿನ ಹೊರಗೂ ಈ ವ್ರತ ಸಂಚರಿಸಬೇಕಾದೀತೆಂದು ಬಲ್ಲ ಯಾವನೋ ವ್ಯವಹಾರಜ್ಞನು ಆ ಮಾತನ್ನು ಅಲ್ಲಿ ಸೇರಿಸಿರಬೇಕು.

ಈಗ ಆ ಹುಡುಗಿ ದೊಡ್ಡವಳಾಗಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಜನಕಪುರಿಯ ಅಂಗಡಿಗಳಿಗೂ ರಾಗಿಯ ಬಿಸ್ಕತ್ತು ಬಂದಿದೆ. ಪೊಟ್ಟಣದ ಹಿಂಬದಿಯಲ್ಲಿ ಮೈದಾದ ಹೆಸರು ರಾಗಿಗಿಂತ ಮುಂಚೆ ಬರುವುದೂ ಉಂಟು. ಅಜ್ಜಿಯ ನಾಡಿಗೆ ಹೋದರೆ ಊಟದ ಚಿಂತೆ ತೀರೀತೆಂದು ಅವಳು ಎಣಿಸಿದ್ದಳು. ಪಿ.ಜಿ.ಯಲ್ಲಿ ಎರಡು ಹೊತ್ತೂ ಚಪಾತಿ, ಸಂಜೆಗೆ ನೂಡಲ್ಸು. ಬೆಳಿಗ್ಗೆ ದರ್ಶಿನಿಗೆ ಹೋದರೆ ಖಾರಾಬಾತು, ಕೇಸರಿಬಾತು, ರವೆ ದೋಸೆ, ಮದ್ದೂರು ವಡೆ, ಎಲ್ಲವೂ ಗೋಧಿಯ ಸಂತಾನ. ಒಂದು ದಿನ ಅವಳು ಬರಿ ಇಡ್ಲಿಯನ್ನು ತೆಗೆದುಕೊಂಡು, "ಅಣ್ಣಾ, ಇದು ಅಕ್ಕಿತರಿಯದ್ದೇ ತಾನೆ? ಸಾಂಬಾರಿಗೆ ಹಾಕೋ ಇಂಗಿನ ಡಬ್ಬಿ ಒಂದು ಸಲ ತೋರಿಸ್ತೀರಾ?" ಎಂದು ಕೇಳಿದಳಂತೆ. ಅಡುಗೆಯವನು ವಿಚಿತ್ರವಾಗಿ ನೋಡಿದನಾದರೂ ಒಳಗಿನಿಂದ ಡಬ್ಬಿಯನ್ನು ತಂದು ಕೈಗೆ ಕೊಟ್ಟನು. ಮೈದಾ ಇತ್ತು. ಅವಳು ಸಾಂಬಾರನ್ನು ಹಿಂದಕ್ಕೆ ಕೊಟ್ಟು, ಒಗ್ಗರಣೆ ಬೀಳದ ಚಟ್ನಿಯನ್ನು ಇನ್ನೊಂದು ಸೌಟು ಹಾಕಿಸಿಕೊಂಡಳು.